ಇಲ್ಲದ ಬ್ರೇಕಿನ ಮೇಲೊಂದು ಕಾಲು

ಬರುವ ಭಾನುವಾರ ಈ ಮನೆಯಲ್ಲಿ ಯಾರೂ ಬ್ರೇಕ್ ಒತ್ತುವುದಿಲ್ಲ, ಯಾರೂ ಸೌಟು ಹಿಡಿಯುವುದಿಲ್ಲ!

ಹೀಗೆಂದು ನಾನು ಅಡುಗೆಮನೆಯ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು ರಾಜಾಜ್ಞೆ ಹೊರಡಿಸಿದೆ. ಮಹಾರಾಣಿಯವರು ತಿರುಗಿಯೂ ನೋಡಲಿಲ್ಲ. ಅವರು ಸಿಂಕಿನ ಪಕ್ಕದಲ್ಲಿ ನಿಂತೇ, ಯಾವಾಗಲೋ ತಣ್ಣಗಾದದ್ದೇನನ್ನೋ ಪಾತ್ರೆಯಿಂದಲೇ ತಿಂದು ಮುಗಿಸುತ್ತಿದ್ದರು. ಬಾಯಲ್ಲಿದ್ದದ್ದನ್ನು ನುಂಗಿದ ಮೇಲೆ, ಹಾಗಿದ್ದರೆ ಭಾನುವಾರ ನೀವು ಮನೆಯಲ್ಲಿರುವುದಿಲ್ಲವೇ ಎಂದು ಕೇಳಿದರು.

ಈ ಆಜ್ಞೆಯ ಹಿಂದುಮುಂದು ಸ್ವಲ್ಪ ಹೇಳಬೇಕು. ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ನಮ್ಮ ಕಾರಿನಲ್ಲಿ ಸ್ಟೀರಿಂಗ್ ಒಂದೇ, ಬ್ರೇಕು ಮಾತ್ರ ಎರಡು. ಕಲಿಯುವವರ ಕಾಲಡಿಯಲ್ಲಿ ಒಂದು, ಪಕ್ಕದ ಸೀಟಿನಲ್ಲಿ ಪ್ರಾಣವನ್ನು ಅಂಗೈಯಲ್ಲಿ ಹಿಡಿದು ಕೂತ ನನ್ನ ಕಾಲಡಿಯಲ್ಲಿ ಇನ್ನೊಂದು. ನಮ್ಮೂರಿನ ಪಾದಚಾರಿಗಳಲ್ಲಿ ಅರ್ಧ ಜನ ಇವತ್ತು ಎರಡು ಕಾಲಿನ ಮೇಲೆ ಓಡಾಡುತ್ತಿದ್ದರೆ ಅದು ನನ್ನ ಒಂದು ಕಾಲಿನ ಕೃಪೆ! ತೊಂದರೆಯೆಂದರೆ, ಡ್ಯೂಟಿ ಮುಗಿಯಿತೆಂಬುದು ನನಗೆ ಗೊತ್ತಾಗುತ್ತದೆ, ಕಾಲಿಗೆ ಗೊತ್ತಾಗುವುದಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನವರ ಬೆನ್ನಿಗೆ ಬ್ರೇಕ್ ಹಾಕುತ್ತದೆ. ಲಿಫ್ಟ್ ಇಳಿಯುವಾಗ ಬ್ರೇಕ್ ಹಾಕುತ್ತದೆ. ಕ್ಷೌರದವನು ಕುರ್ಚಿಯನ್ನು ಹಿಂದಕ್ಕೆ ಬಾಗಿಸಿದರೆ ಅಲ್ಲೂ ಹಾಕುತ್ತದೆ, ಒಮ್ಮೆ ಆ ಕಾರಣಕ್ಕೆ ಅರ್ಧ ಮೀಸೆಯೊಡನೆ ಮನೆಗೆ ಬಂದಿದ್ದೇನೆ. ರಾತ್ರಿ ಮಲಗಿದರೆ ಹೆಂಡತಿಯ ಮೊಣಕಾಲಿನ ಕೆಳಗಿನ ಮೂಳೆಯೇ ಬ್ರೇಕು. ಸಾಲದ್ದಕ್ಕೆ ನಿದ್ದೆಯಲ್ಲಿ ಪಾಠವನ್ನೂ ಮಾಡುತ್ತೇನಂತೆ. ಅಂತೆ ಎನ್ನುತ್ತೇನೆ ಏಕೆಂದರೆ ಆ ಪಾಠವನ್ನು ನಾನಂತೂ ಕೇಳಿಲ್ಲ.

ನನ್ನವಳು ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿ. ಉಪ್ಪಿಲ್ಲದ್ದು, ಎಣ್ಣೆಯಿಲ್ಲದ್ದು, ಸಕ್ಕರೆಯಿಲ್ಲದ್ದು, ಹಲ್ಲಿಲ್ಲದವರಿಗೆ ರುಬ್ಬಿದ್ದು ಎಂದು ಅಲ್ಲಿ ದಿನಕ್ಕೆ ನೂರೆಂಟು ಬಗೆ. ಒಂದೊಂದು ವಾರ್ಡಿಗೂ ಬಿಸಿ ಆರದಂತೆ ಊಟ ಕಳಿಸಿ ಮುಗಿಸುವ ಹೊತ್ತಿಗೆ ಅವಳ ತಟ್ಟೆ ಆರಿ ಗಟ್ಟಿಯಾಗಿರುತ್ತದೆ. ಮನೆಗೆ ಬಂದರೆ ನಾನಿದ್ದೇನೆ, ನನ್ನ ಹೊಟ್ಟೆಯಿದೆ. ಇಬ್ಬರೂ ದಣಿದಿದ್ದೆವು. ಎಷ್ಟು ದಣಿದಿದ್ದೆವೆಂದರೆ, ಜಗಳ ಶುರು ಮಾಡಿದರೂ ಅರ್ಧಕ್ಕೇ ಆಕಳಿಕೆ ಬಂದು ರಾಜಿಯಾಗಿಬಿಡುತ್ತಿತ್ತು.

ಇಂಥ ಹೊತ್ತಿನಲ್ಲಿ ಅವಳಕ್ಕ ಫೋನು ಮಾಡಿದ್ದರು. ಅವರು ಕೆಲಸದಿಂದ ನಿವೃತ್ತರಾದ ಮೇಲೆ ಗೆಳತಿಯರ ಗುಂಪು ಕಟ್ಟಿಕೊಂಡು ಊರೂರು ಸುತ್ತುತ್ತಾರೆ. ಮುಂದಿನ ದೊಡ್ಡ ರಜೆಗೆ ತಂಗಿಯನ್ನೂ ಕರೆದಿದ್ದರು, ಗಂಡನನ್ನು ಬಿಟ್ಟು ಬರಬೇಕೆಂಬ ಸೂಚನೆಯೊಡನೆ. ಇವಳು ಬರುವುದಿಲ್ಲ ಎನ್ನಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದಳು. ನನಗೆ ನಿಜಕ್ಕೂ ಭಯವಾಯಿತು. ಅವಳು ನಾನಿಲ್ಲದೆ ಹೋಗುತ್ತಾಳಲ್ಲ ಎಂದಲ್ಲ. ಹೋಗಿಬಂದು, ಬಹಳ ಚೆನ್ನಾಗಿತ್ತು ಎಂದುಬಿಟ್ಟರೆ!

ಆ ಭಯದಲ್ಲೇ ಫೋನಿನಲ್ಲಿ ಹುಡುಕುತ್ತಿದ್ದಾಗ ಆ ಜಾಹೀರಾತು ಕಣ್ಣಿಗೆ ಬಿತ್ತು. ರಸ್ತೆ ಬಿಟ್ಟ ದಾರಿಯಲ್ಲಿ ಜೀಪ್ ಸವಾರಿ, ನಡುನಡುವೆ ಹಳ್ಳಿಮನೆಗಳಲ್ಲಿ ತಿಂಡಿ ಊಟದ ರುಚಿ, ಬೇರೆ ಪ್ರವಾಸಿಗರಿಲ್ಲ, ನಿಮಗಾಗಿ ಮಾತ್ರ. ಓಡಿಸುವವರು ಅವರು! ಬಡಿಸುವವರು ಅವರು! ನಮಗೆಂದೇ ಯಾರೋ ಮರುಗಿ ಬರೆದಂತಿತ್ತು. ಅವಳಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ಓದಿದಳು.

"ಬರ್ತೀನಿ. ಆದರೆ ಒಂದು ಹೊತ್ತಾದರೂ ಕೂತ್ಕೊಂಡು, ಬಿಸಿಬಿಸಿಯಾಗಿ, ಬೇರೆಯವರು ಬಡಿಸಿದ್ದನ್ನ ನೆಮ್ಮದಿಯಾಗಿ ತಿನ್ನಬೇಕು. ಮಧ್ಯ ನಿಮ್ಮ ಕಾಲು ಬರಬಾರದು."

"ಊಟದ ಮಧ್ಯ ಕಾಲು ಯಾಕೆ ಬರುತ್ತೆ?"

"ಅದು ಎಲ್ಲದರ ಮಧ್ಯಾನೂ ಬರುತ್ತೆ. ಬಂದರೆ, ರಜೆಗೆ ನಾನು ಅಕ್ಕನ ಜೊತೆ."

ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಅವತ್ತೇ ಹೋಗಿ ಆಫ್ ರೋಡ್‌ಗೆಂದೇ ಮಾಡಿದ ಬೂಟು ಕೊಂಡೆ. ಕಣಕಾಲು ಮುಚ್ಚುವಷ್ಟು ಎತ್ತರ, ಗಾಡಿಯ ಟೈರಿಗಿರುವಂಥ ಅಡಿ, ಒಂದು ಹಗ್ಗದ ಮಂಚ ಹೆಣೆಯುವಷ್ಟು ಲೇಸು. ನನಗೂ ನನ್ನ ಬೂಟಿಗೂ ನಡುವೆ ಹೊಟ್ಟೆಯೊಂದು ಬಹಳ ವರ್ಷಗಳಿಂದ ಅಡ್ಡ ನಿಂತಿರುವುದರಿಂದ, ಭಾನುವಾರ ಬೆಳಿಗ್ಗೆ ಲೇಸು ಕಟ್ಟಿದ್ದು ಇವಳೇ. ಕಟ್ಟುತ್ತಾ ಏನೋ ಹೇಳಿದಳು ಕೂಡ. ನಾನು ಕನ್ನಡಿಯಲ್ಲಿ ಟೋಪಿ ಸರಿಮಾಡಿಕೊಳ್ಳುತ್ತಿದ್ದೆ.

ಜೀಪು ಬಂತು. ಮೇಲುಗಡೆ ತೆರೆದ ಹಳೆಯ ಜೀಪು, ಹೊಸ ಬಣ್ಣ, ಕಾಲಡಿಗೆ ದಪ್ಪ ರಬ್ಬರ್ ಹಾಸು. ಓಡಿಸಲು ಬಂದವರು ನನ್ನದೇ ವಯಸ್ಸಿನ, ಹುರಿಮೀಸೆಯ, ಯಾವುದಕ್ಕೂ ಗಾಬರಿಯಾಗದ ಮನುಷ್ಯ. ಅವರಿಗೆ ನಾನು ಮನಸ್ಸಿನಲ್ಲೇ ಸಾರಥಿ ಎಂದು ಹೆಸರಿಟ್ಟೆ. ಇವಳು ನನ್ನನ್ನು ಹಿಂದಿನ ಸೀಟಿಗೆ ಕರೆದಳು. ನನ್ನ ಬುದ್ಧಿ ಹಿಂದಕ್ಕೆ ಹೊರಟಿತು, ಕಾಲು ಮುಂದಕ್ಕೆ ಹೋಗಿ ಹತ್ತಿಬಿಟ್ಟಿತು. ಇಷ್ಟು ವರ್ಷ ಕೂತ ಜಾಗ, ಸಾರಥಿಯ ಪಕ್ಕ. ಕೂತ ಮೇಲೆ, ಮುಂದಿನಿಂದ ನೋಟ ಚೆನ್ನಾಗಿ ಕಾಣುತ್ತದೆ ಎಂದು ಸಮಜಾಯಿಷಿ ಕೊಟ್ಟೆ.

ನೋಟ ಯಾರಿಗೆ ಬೇಕಿತ್ತು! ಡಾಂಬರು ಮುಗಿದು ಕಲ್ಲುದಾರಿ ಶುರುವಾದ ಕೂಡಲೇ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ಇಲ್ಲಿ ಎರಡನೇ ಗೇರು ಸಾಕಲ್ಲವೇ ಎಂದು ಮೆಲ್ಲಗೆ ಕೇಳಿದೆ. ಸಾರಥಿ ಬಹಳ ಮರ್ಯಾದಸ್ಥರು, ಎರಡನೇ ಗೇರಿಗೆ ಇಳಿಸಿದರು. ತಿರುವಿಗೆ ಮುಂಚೆ ಹಾರ್ನ್ ಮಾಡುವುದು ಒಳ್ಳೆಯದೆಂದೆ. ಯಾವ ಜೀವಿಯೂ ಇಲ್ಲದ ಗುಡ್ಡದಲ್ಲಿ ಅವರು ಹಾರ್ನ್ ಮಾಡಿದರು. ಮೊದಲನೇ ಗೇರು ಇನ್ನೂ ಸುರಕ್ಷಿತ ಎಂದೆ. ಕೊನೆಗೆ ನಮ್ಮನ್ನು ಒಂದು ಆಮೆ ಅಲ್ಲದಿದ್ದರೂ, ಹುಲ್ಲಿನ ಹೊರೆ ಹೊತ್ತ ಒಬ್ಬ ಅಜ್ಜಿ ದಾಟಿಕೊಂಡು ಹೋದರು. ಹೋಗುತ್ತಾ, ಗಾಡಿ ಕೆಟ್ಟಿದೆಯೇ ಎಂದು ವಿಚಾರಿಸಿಕೊಂಡರು. ಸಾರಥಿ ಇಲ್ಲವೆಂದರು.

ಮೊದಲ ಮನೆಯಲ್ಲಿ ಸೌದೆ ಒಲೆಯಲ್ಲಿ ಸುಟ್ಟ ಬ್ರೆಡ್ಡು, ಆಗತಾನೇ ಕಡೆದ ಬೆಣ್ಣೆ. ಆಗತಾನೇ ಎಂದರೆ, ನಾವು ಬರಬೇಕಾಗಿದ್ದ ಹೊತ್ತಿಗೆ. ನಾವು ತಲುಪುವಾಗ ಒಲೆ ಆರಿತ್ತು, ಬ್ರೆಡ್ಡು ಬಾಗಿಲಿಗೆ ಒತ್ತು ಕೊಡುವಷ್ಟು ಗಟ್ಟಿಯಾಗಿತ್ತು. ಮನೆಯಾಕೆ ಬಹಳ ನೊಂದುಕೊಂಡರು, ಮೂರು ಸಲ ಬಾಗಿಲಿಗೆ ಬಂದು ನೋಡಿದೆ ಎಂದರು. ಇವಳು ಅವರನ್ನು ಸಮಾಧಾನ ಮಾಡುತ್ತಾ ಒಂದೊಂದೇ ತುಂಡನ್ನು ನೀರಿನ ಜೊತೆ ಇಳಿಸಿದಳು. ಆಮೇಲೆ ನನ್ನ ಕಡೆಗೆ ತಿರುಗಿ, ಬಿಸಿ ಇದ್ದಾಗ ಚೆನ್ನಾಗಿದ್ದಿರಬೇಕು ಎಂದಳು. ಕೋಪದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಸ್ತಾಗಿ ಹೇಳಿದಳು.

ಎರಡನೆಯ ಮನೆ ಜೇನು ಸಾಕುವವರದು. ಅಲ್ಲಿಗೆ ಬರುವವರೆಗೆ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಹಾಗಾಗಿ ಸಮಯಕ್ಕೆ ಸರಿಯಾಗಿ ತಲುಪಿದೆವು. ಮರದ ಕೆಳಗೆ ಕಟ್ಟಿಗೆಯ ಕಾಲುಗಳ ಮೇಲೆ ಉದ್ದನೆಯ ಹಲಗೆ ಇಟ್ಟು ಮೇಜು ಮಾಡಿದ್ದರು. ಮೇಲೆ ಹೊಗೆಯಾಡುವ ಕುಂಬಳಕಾಯಿ ಸೂಪು. ನನ್ನವಳು ಕೂತಳು. ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ಚಮಚ ಎತ್ತಿ, ಕಣ್ಣು ಅರ್ಧ ಮುಚ್ಚಿದಳು. ಅಬ್ಬ, ಗೆದ್ದೆ ಎಂದುಕೊಂಡು ನಾನು ತಲೆಯೆತ್ತಿ ಎದುರಿನ ಇಳಿಜಾರಿನಲ್ಲಿ ನಿಂತಿದ್ದ ಜೀಪಿನ ಕಡೆ ನೋಡಿದೆ.

ಜೀಪು ಚಲಿಸುತ್ತಿತ್ತು!

ಚಲಿಸುತ್ತಿದ್ದದ್ದು ಅದರ ಹಿಂದಿನ ಮೋಡ ಎಂದು ಆಮೇಲೆ ಗೊತ್ತಾಯಿತು. ಆದರೆ ಕಾಲು ಆಮೇಲಿನವರೆಗೆ ಕಾಯುವ ಪೈಕಿಯಲ್ಲ. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಬ್ರೇಕ್ ಒತ್ತಿತು. ಬ್ರೇಕಿನ ಜಾಗದಲ್ಲಿ ಮೇಜಿನ ಅಡ್ಡಪಟ್ಟಿಯಿತ್ತು. ಕಟ್ಟಿಗೆಯ ಕಾಲು ಜಾರಿತು, ಹಲಗೆ ವಾಲಿತು. ಬಟ್ಟಲುಗಳು, ಸೂಪಿನ ಪಾತ್ರೆ, ಉಪ್ಪಿನ ಡಬ್ಬಿ ಎಲ್ಲವೂ ಶಿಸ್ತಿನಿಂದ ಒಂದರ ಹಿಂದೊಂದು ಇಳಿದು ಹೋದವು. ಮನೆಯ ನಾಯಿ ಮಾತ್ರ ಈ ಪ್ರವಾಸಕ್ಕೆ ಪೂರ್ತಿ ಅಂಕ ಕೊಟ್ಟಿತು.

ಇವಳು ಹಾಗೇ ಕೂತಿದ್ದಳು. ಮೇಜಿಲ್ಲ, ಬಟ್ಟಲಿಲ್ಲ, ಕೈಯಲ್ಲಿ ಎತ್ತಿದ್ದ ಚಮಚ ಮಾತ್ರ ಇತ್ತು. ಅದರಲ್ಲಿದ್ದದ್ದನ್ನು ಕುಡಿದಳು.

"ಒಂದು ಚಮಚ ಬಿಸಿ ಇತ್ತು," ಎಂದಳು.

ಜೇನಿನವರ ಕ್ಷಮೆ ಕೇಳಿ, ಬಟ್ಟಲುಗಳನ್ನು ಆರಿಸಿಕೊಟ್ಟು ಹೊರಟೆವು. ನನ್ನ ಮುಖ ಹುಳ್ಳಗಾಗಿತ್ತು. ಇನ್ನು ಉಳಿದದ್ದು ಒಂದೇ ಮನೆ, ಮಧ್ಯಾಹ್ನದ ದೊಡ್ಡ ಊಟ. ಆ ಮನೆಯ ಅಜ್ಜಿ ಸಾರಥಿಗೆ ಫೋನು ಮಾಡಿ, ಮಡಕೆ ಒಲೆಯಿಂದ ಇಳಿಸುವ ಹೊತ್ತಾಯಿತು, ಬೇಗ ಬನ್ನಿ ಎಂದರು. ಈ ಸಲವಾದರೂ ಹಿಂದಿನ ಸೀಟಿಗೆ ಹೋಗಲು ನೋಡಿದೆ. ಇವಳು ಅಲ್ಲಿ ತನ್ನ ಚೀಲ ಇಟ್ಟುಕೊಂಡು ಜಾಗವಿಲ್ಲವೆಂದಳು. ಸರಿ, ಮುಂದೆಯೇ ಕೂತು ಎರಡೂ ಕಾಲುಗಳನ್ನು ಸೀಟಿನ ಮೇಲೆ ಎತ್ತಿ ಪದ್ಮಾಸನ ಹಾಕಿಕೊಂಡೆ. ಬೂಟಿನ ಸಮೇತ, ಹೊಟ್ಟೆಯ ಸಮೇತ. ಸಾರಥಿ ಒಮ್ಮೆ ನನ್ನನ್ನು ನೋಡಿ, ಪ್ರಾರ್ಥನೆಯ ಹೊತ್ತೋ ಏನೋ ಎಂದುಕೊಂಡು ಗೌರವದಿಂದ ಸುಮ್ಮನಾದರು.

ಆ ಮನೆಗೆ ಸ್ವಲ್ಪ ಮುಂಚೆ ಒಂದು ಹಳ್ಳ. ಬೆಣಚುಕಲ್ಲು, ಮೊಣಕಾಲುದ್ದ ನೀರು, ಆಚೆ ದಡದಲ್ಲಿ ಕೆಸರಿನ ಏರು. ಅದರಾಚೆಗೆ ಮನೆ, ಮನೆಯ ಮೇಲೆ ಹೊಗೆ. ಜೀಪಿನ ಮೂತಿ ಹಳ್ಳಕ್ಕೆ ಇಳಿಯಿತು. ಇಷ್ಟು ವರ್ಷಗಳ ಸೇವೆ, ಇಷ್ಟು ಜನರ ಪ್ರಾಣ ಉಳಿಸಿದ ಅಭ್ಯಾಸ, ಎಲ್ಲ ಒಟ್ಟಿಗೆ ನುಗ್ಗಿ ಬಂದು ಪದ್ಮಾಸನವನ್ನು ಚಿಂದಿ ಮಾಡಿದವು. ನನ್ನ ಕಾಲು ಮೇಲಿನಿಂದ ಕೆಳಕ್ಕೆ ಒನಕೆಯ ಹಾಗೆ ಇಳಿಯಿತು.

ರಬ್ಬರ್ ಹಾಸಿನ ಕೆಳಗೆ ಜೀಪಿನ ತಳ ತುಕ್ಕು ಹಿಡಿದಿತ್ತು. ಅದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಢಬ್ ಎಂದು ಸದ್ದಾಗಿ ಬೂಟು ಹಾಸನ್ನು ಜಾರಿಸಿ, ತಳ ಸೀಳಿಕೊಂಡು ಆಚೆ ಹೋಯಿತು. ಏನು ಸ್ಫೋಟವಾಯಿತೋ ಎಂದು ಬೆಚ್ಚಿ ಸಾರಥಿ ಕಾಲೆತ್ತಿದರು. ಎಂಜಿನ್ ನಿಂತಿತು. ಇಳಿದ ವೇಗಕ್ಕೆ ಜೀಪು ಆಚೆ ದಡದವರೆಗೆ ಉರುಳಿ, ಕೆಸರಿನ ಏರಿನ ಬುಡದಲ್ಲಿ ಹಿಂದಿನ ಚಕ್ರಗಳು ನಿಧಾನವಾಗಿ ಕೂತುಕೊಂಡವು. ಇಡೀ ಪ್ರವಾಸದಲ್ಲಿ ನೆಮ್ಮದಿಯಾಗಿ ಕೂತದ್ದು ಅವೇ.

ಸಾರಥಿ ಇಳಿದು, ಮೊದಲು ಬಗ್ಗಿ ಜೀಪಿನ ಕೆಳಗೆ ನೋಡಿ ನನ್ನ ಬೂಟಿನ ಅಡಿಯನ್ನು ದರ್ಶನ ಮಾಡಿದರು. ಆಮೇಲೆ ಮೇಲೆ ಬಂದು ನನ್ನ ಮೊಣಕಾಲು ಹಿಡಿದು ಎಳೆದರು. ತಗಡಿನ ಚೂಪಾದ ಅಂಚು ಕೆಳಮುಖವಾಗಿ ಬಾಗಿ ಬೂಟಿನ ಹಿಮ್ಮಡಿಯನ್ನು ಕಚ್ಚಿ ಹಿಡಿದಿತ್ತು. ಎಳೆದಷ್ಟೂ ನಾನು ಕೂಗಿದೆ, ಬೂಟು ಮಾತ್ರ ಮಿಸುಕಲಿಲ್ಲ. ಒಳ್ಳೆಯ ಕಂಪನಿಯ ಬೂಟು. ಕೊನೆಗೆ ಸಾರಥಿ ಬೆವರು ಒರೆಸಿಕೊಂಡು, ಸದ್ಯಕ್ಕೆ ಕಾಲು ಅಲ್ಲೇ ಇರಲಿ ಸಾರ್, ಮನೆ ತಲುಪಿದ ಮೇಲೆ ಏನಾದರೂ ತಂದು ಕತ್ತರಿಸೋಣ ಎಂದರು. ಏನನ್ನು ಕತ್ತರಿಸುತ್ತಾರೆಂದು ಅವರು ಹೇಳಲಿಲ್ಲ.

ಗಾಡಿ ಮೇಲೆ ಹತ್ತಬೇಕಾದರೆ ಒಬ್ಬರು ಹಿಂದಿನಿಂದ ನೂಕಬೇಕು, ಒಬ್ಬರು ಓಡಿಸಬೇಕು. ನೂಕಲು ನಾನು ಇಳಿಯುವ ಹಾಗಿಲ್ಲ. ಓಡಿಸಲು ಪಕ್ಕದ ಸೀಟಿಗೆ ದಾಟುವ ಹಾಗೂ ಇಲ್ಲ. ಸಾರಥಿ ನನ್ನ ಮುಖ ನೋಡಿದರು, ನಾನು ಹಳ್ಳ ನೋಡಿದೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಇವಳು ಎದ್ದು ಬಂದು ಸ್ಟೀರಿಂಗಿನ ಮುಂದೆ ಕೂತಳು. ಆಚೆ ದಡದ ಹೊಗೆಯನ್ನೇ ನೋಡುತ್ತಿದ್ದಳು.

ಇವಳಿಗೂ ಸ್ಟೀರಿಂಗಿಗೂ ಇದ್ದ ಸಂಬಂಧ ಇಷ್ಟೇ. ಮದುವೆಯಾದ ಹೊಸತರಲ್ಲಿ ನಾನು ಒಂದು ದಿನ ಕಲಿಸಲು ಕೂತಿದ್ದೆ. ಮೊದಲ ತಿರುವು ಬರುವಷ್ಟರಲ್ಲಿ ನಾನು ಹಾಕಿದ ಬ್ರೇಕುಗಳಿಂದ ಅವಳ ಜಡೆಯೇ ಬಿಚ್ಚಿಹೋಗಿತ್ತು. ಗಾಡಿ ಅಲ್ಲೇ ಬಿಟ್ಟು ಇಳಿದು ನಡೆದುಕೊಂಡು ಮನೆಗೆ ಹೋದವಳು ಮತ್ತೆ ಆ ಮಾತೆತ್ತಿರಲಿಲ್ಲ.

"ನಿನಗೆ ಓಡಿಸೋಕೆ ಬರಲ್ಲ," ಎಂದೆ.

"ಇಷ್ಟು ವರ್ಷ ದಿನಾ ರಾತ್ರಿ ಪಾಠ ಕೇಳಿದ್ದೀನಿ. ಒಂದು ದಿನಾನೂ ರಜ ಕೊಟ್ಟಿಲ್ಲ ನೀವು."

ಸಾರಥಿ ಹಿಂದೆ ಹೋಗಿ ಭುಜ ಕೊಟ್ಟು ನಿಂತರು. ಇವಳು ಕೀಲಿ ತಿರುಗಿಸಿ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ತನಗೆ ತಾನೇ ಹೇಳಿಕೊಳ್ಳತೊಡಗಿದಳು. ನಾನು ಕಿವಿಗೊಟ್ಟೆ. ನನ್ನ ಮಾತು, ನನ್ನ ರಾಗ, ನನ್ನ ತೂಕಡಿಕೆ ಕೂಡ!

"ಕ್ಲಚ್ಚು ಪೂರ್ತಿ ಒಳಗೆ... ಮೊದಲನೇ ಗೇರು... ಹೆದರಬೇಡಿ, ನಾನಿದ್ದೀನಿ... ಈಗ ಕ್ಲಚ್ಚು ಅರ್ಧ... ಅರ್ಧ ಅಂದೆ... ಮೊಟ್ಟೆ ಒಡೀಬಾರದು, ಹಾಗೆ ಬಿಡಿ..."

ಜೀಪು ನಡುಗಿತು. ನಾನು ಕಾಲನ್ನು ಒತ್ತಿದೆ. ಒತ್ತಿದರೆ ಏನಿದೆ? ಬೂಟಿನ ಅಡಿಗೆ ಹಳ್ಳದ ನೀರು ತಣ್ಣಗೆ ತಾಗಿತು, ಅಷ್ಟೇ. ಈ ಜನ್ಮದಲ್ಲಿ ಮೊದಲ ಸಲ ನನ್ನ ಕಾಲಡಿಯಲ್ಲಿ ಒತ್ತಲು ಏನೂ ಇರಲಿಲ್ಲ. ಬ್ರೇಕು ಹಾಳಾಗಲಿ, ನೆಲವೇ ಇರಲಿಲ್ಲ! ಬಾಯಿ ತೆರೆದೆ. ಹೇಳಬೇಕಾದದ್ದನ್ನೆಲ್ಲ ಅವಳೇ ಹೇಳಿಕೊಳ್ಳುತ್ತಿದ್ದಳು, ಹಾಗಾಗಿ ಮುಚ್ಚಿದೆ.

ಹಿಂದಿನಿಂದ ಸಾರಥಿ ಕೆಸರಿನಲ್ಲಿ ಮುಳುಗೇಳುತ್ತಾ ನೂಕಿದರು. ಚಕ್ರ ಒಮ್ಮೆ ಜಾರಿ, ಇನ್ನೊಮ್ಮೆ ಜಾರಿ, ಮೂರನೆಯ ಸಲ ಕಚ್ಚಿಕೊಂಡಿತು. ಜೀಪು ಏರು ಹತ್ತಿತು. ನಿಲ್ಲಿಸಬೇಡಿ ಮೇಡಂ, ನಿಂತರೆ ಮತ್ತೆ ಹೂತುಹೋಗುತ್ತೆ, ಸೀದಾ ಮನೆ ಅಂಗಳಕ್ಕೇ ಬಿಡಿ ಎಂದು ಸಾರಥಿ ಹಿಂದಿನಿಂದ ಕೂಗಿದರು. ಇವಳು ಬಿಟ್ಟಳು. ದಾರಿಯ ಎರಡೂ ಕಡೆ ಬೇಲಿ, ನಡುವೆ ಹುಲ್ಲು, ಆ ಹುಲ್ಲು ನನ್ನ ಬೂಟಿಗೆ ಕಚಗುಳಿ ಇಡುತ್ತಾ ಬಂತು. ಅಂಗಳದಲ್ಲಿ ಒಣಹಾಕಿದ್ದ ಬಟ್ಟೆಗಳ ಹತ್ತಿರ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಜೀಪು ನಿಂತಿತ್ತು. ನಿಂತದ್ದು ಗೊತ್ತೇ ಆಗದ ಹಾಗೆ ನಿಂತಿತ್ತು. ನನ್ನ ಕೈಕೆಳಗೆ ಕಲಿತ ಒಬ್ಬರೂ ಇಷ್ಟು ಮೆತ್ತಗೆ ಬ್ರೇಕ್ ಹಾಕಿದ್ದಿಲ್ಲ. ನನಗೆ ಹೆಮ್ಮೆಯಾಯಿತು, ಜೊತೆಗೆ ಅಷ್ಟೇ ಸಂಕಟವೂ ಆಯಿತು.

ಇವಳು ಎಂಜಿನ್ ಆರಿಸಿ, ಇಳಿದು, ಕೈ ತೊಳೆದು ಸೀದಾ ಜಗಲಿಗೆ ಹೋಗಿ ಕೂತಳು. ಅಜ್ಜಿ ಮಡಕೆಯ ಮುಚ್ಚಳ ತೆಗೆದರು. ಬೇಯಿಸಿದ ಕಾಳು, ಹುರಿದ ಅಣಬೆ, ಕೆಂಡದಲ್ಲಿ ಸುಟ್ಟ ಆಲೂಗಡ್ಡೆ. ಆವಿ ಎದ್ದು ಇವಳ ಕನ್ನಡಕ ಮಂಜಾಯಿತು. ಅದನ್ನು ಒರೆಸಿಕೊಳ್ಳದೆ, ತೆಗೆದು ಪಕ್ಕಕ್ಕಿಟ್ಟು, ಕೈ ಹಾಕಿದಳು. ಇದೆಲ್ಲವೂ ಅಂಗಳದ ಜೀಪಿನಲ್ಲಿ ಕೂತ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮುಂದಿನ ಸೀಟಿನಿಂದ ನೋಟ ಚೆನ್ನಾಗಿ ಕಾಣುತ್ತದೆ ಎಂದವನು ನಾನೇ ತಾನೆ.

ಸ್ವಲ್ಪ ಹೊತ್ತಿಗೆ ತಲೆಯಿಂದ ಕಾಲಿನವರೆಗೆ ಕೆಸರಾದ ಸಾರಥಿ ಬಂದರು. ಮೀಸೆಯ ಒಂದು ತುದಿ ಮಾತ್ರ ಸ್ವಚ್ಛವಾಗಿತ್ತು. ಮುಖ ತೊಳೆಯುತ್ತಾ, ಮೇಡಂಗೆ ಬಹಳ ಒಳ್ಳೆ ಕೈ ಇದೆ, ಯಾರು ಸಾರ್ ಕಲಿಸಿದ್ದು ಎಂದು ಕೇಳಿದರು. ಕೂತಲ್ಲೇ ಟೋಪಿ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ನಾನೇ ಎಂದೆ.

"ಹೌದು, ಅವರೇ," ಜಗಲಿಯಿಂದ ಉತ್ತರ ಬಂತು. "ಎಚ್ಚರ ಆಗದಿದ್ದರೆ ಬಹಳ ಚೆನ್ನಾಗಿ ಕಲಿಸ್ತಾರೆ."

ಅಜ್ಜಿಗೆ ನನ್ನ ಸ್ಥಿತಿ ನೋಡಿ ಕರುಳು ಚುರ್ ಎಂದಿತು. ಎಣ್ಣೆ ತರಲೇ, ಗರಗಸ ತರಲೇ, ಪಕ್ಕದ ಮನೆಯವರನ್ನು ಕರೆಯಲೇ ಎಂದು ಒಳಗೂ ಹೊರಗೂ ಓಡಾಡಿದರು. ಗರಗಸ ಎಂದಾಗ ನಾನು ಸೀಟಿನಲ್ಲಿ ಇನ್ನಷ್ಟು ಕುಗ್ಗಿದೆ. ಇವಳು ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಆರಾಮವಾಗಿ ಕೂತಿದ್ದಾರೆ, ಮೊದಲು ಊಟವಾಗಲಿ ಎಂದಳು. ಸಾರಥಿಗೂ ತಟ್ಟೆ ಬಂತು. ಇವಳು ಎರಡನೇ ಸಲ ಹಾಕಿಸಿಕೊಂಡಳು. ಅಜ್ಜಿ ಏನೋ ಹೇಳಿದರು, ಇವಳು ನಕ್ಕಳು. ಸಣ್ಣ ನಗೆಯಲ್ಲ, ತಲೆ ಹಿಂದಕ್ಕೆ ಹಾಕಿ, ತಟ್ಟೆ ಜಾರುವಷ್ಟು ನಕ್ಕಳು. ಆ ನಗೆಯನ್ನು ಕೇಳಿ ಎಷ್ಟೋ ಕಾಲವಾಗಿತ್ತು. ನನಗೆ ಹೊಟ್ಟೆ ಹಸಿದಿತ್ತು, ಕಾಲು ಜೋಮು ಹಿಡಿದಿತ್ತು, ಆದರೂ ಅದು ಮುಗಿಯುವುದು ಬೇಡವೆನಿಸಿತು. ಬ್ರೇಕ್ ಒತ್ತಬೇಕೆಂದೂ ಅನ್ನಿಸಲಿಲ್ಲ.

ಎಲ್ಲ ಮುಗಿಸಿ, ಕೈ ತೊಳೆದು, ಕನ್ನಡಕ ಒರೆಸಿ ಹಾಕಿಕೊಂಡು, ನನ್ನ ತಟ್ಟೆ ಹಿಡಿದು ಬಂದಳು. ಪೂರ್ತಿ ಆರಿತ್ತು. ತಟ್ಟೆಯನ್ನು ನನ್ನ ಕೈಗಿಟ್ಟು, ಬಗ್ಗಿ, ಕಾಲಿನ ಹತ್ತಿರ ಕೈ ಇಳಿಸಿ ಏನೋ ಒಂದನ್ನು ಸರ್ರನೆ ಎಳೆದಳು. ಎರಡು ಮೂರು ಸಲ ಬೆರಳಾಡಿಸಿದಳು.

"ಕಾಲು ಎತ್ತಿ."

ಎತ್ತಿದೆ. ಬೂಟು ತಗಡಿನಲ್ಲೇ ಉಳಿಯಿತು. ಕಾಲು ಕಾಲುಚೀಲದ ಸಮೇತ, ಏನೂ ಆಗದವರ ಹಾಗೆ ಮೇಲೆ ಬಂತು. ನಾನು ಒಮ್ಮೆ ಕಾಲನ್ನು, ಒಮ್ಮೆ ಅವಳನ್ನು ನೋಡಿದೆ.

"ಉದ್ದ ಇರೋ ತುದಿ ಎಳೆದರೆ ಬಿಚ್ಚಿಕೊಳ್ಳುತ್ತೆ ಅಂತ ಬೆಳಿಗ್ಗೆ ಕಟ್ಟೋವಾಗಲೇ ಹೇಳಿದ್ದೆ."

"ಹಾಗಾದರೆ ಹಳ್ಳದಲ್ಲೇ ಯಾಕೆ ಬಿಚ್ಚಲಿಲ್ಲ?"

"ಅಲ್ಲೇ ಬಿಚ್ಚಿದ್ದರೆ ನನ್ನ ಊಟ ಆಗ್ತಿತ್ತಾ?"

ಜಗಲಿಯ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕೂತು ತಣ್ಣಗಿನ ಕಾಳು ತಿಂದೆ. ತಣ್ಣಗಿದ್ದರೂ ರುಚಿಯಾಗಿತ್ತು. ಬಿಸಿ ಇದ್ದಾಗ ಚೆನ್ನಾಗಿದ್ದಿರಬೇಕು. ತಿನ್ನುತ್ತಿದ್ದಂತೆ ಬೆಳಗಿನಿಂದ ಕಾಡುತ್ತಿದ್ದ ಪ್ರಶ್ನೆಯನ್ನು ತಟ್ಟೆಯ ಕಡೆ ನೋಡುತ್ತಲೇ ಕೇಳಿದೆ. ರಜೆಗೆ ಅಕ್ಕನ ಜೊತೆ ಹೋಗುತ್ತೀಯಾ?

ಅಷ್ಟರಲ್ಲಿ ಸಾರಥಿ ಜೀಪಿನ ಕೆಳಗೆ ಮಲಗಿ ಬೂಟನ್ನು ಆಚೆ ಬಡಿದು ತೆಗೆದು ತಂದು ನಮ್ಮ ಮುಂದೆ ಇಟ್ಟರು. ಇವಳು ಅದನ್ನು ಎತ್ತಿಕೊಂಡು, ಕೆಸರು ಒರೆಸಿ, ಲೇಸು ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದಳು.

"ಇಲ್ಲ. ನಿಮ್ಮ ಜೊತೆನೇ ಬರ್ತೀನಿ," ಎಂದಳು.

ಅರ್ಧ ದಿನದಿಂದ ಕುಗ್ಗಿ ಕುಗ್ಗಿ ಬೆನ್ನಿಗಂಟಿದ್ದ ನನ್ನ ಎದೆ ಮತ್ತೆ ಉಬ್ಬಿತು. ಮುಂದಿನ ರಾಜಾಜ್ಞೆ ಹೊರಡಿಸಲು ಬಾಯಿ ತೆರೆಯುತ್ತಿದ್ದೆ, ಅವಳು ಬೂಟನ್ನು ನನ್ನ ಮಡಿಲಲ್ಲಿಟ್ಟಳು.

"ಇದನ್ನ ಹಾಕ್ಕೊಂಡು ಬಂದರೆ ಮಾತ್ರ."